ಅಪ್ಪನ ಪ್ಲೇಟಿಗೆ ಹೊಟ್ಟೆ ಬಂದದ್ದು

ನಮ್ಮ ಭಾವನಿಗೆ ಮನೆಯ ಬೀಗದ ಕೈ ಎಲ್ಲಿದೆ ಎಂದು ಎಂದೂ ಗೊತ್ತಿರುವುದಿಲ್ಲ. ಕನ್ನಡಕ ಹಣೆಯ ಮೇಲೇ ಕೂತಿದ್ದರೂ ಅದನ್ನು ಹುಡುಕಲು ಮನೆಮಂದಿಯೆಲ್ಲ ಮಂಚದಡಿ ತೂರಬೇಕು. ಒಮ್ಮೆ ಎಡಗಾಲಿಗೆ ತಮ್ಮ ಚಪ್ಪಲಿ, ಬಲಗಾಲಿಗೆ ನಮ್ಮ ಅಕ್ಕನ ಎತ್ತರದ ಚಪ್ಪಲಿ ಮೆಟ್ಟಿಕೊಂಡು ಕಾರ್ಖಾನೆಗೆ ಹೋದವರು, ಸಂಜೆ ವಾಪಸ್ಸು ಬಂದು, "ಇವತ್ಯಾಕೋ ಊರಿನ ರಸ್ತೆಯೆಲ್ಲ ಒಂದು ಕಡೆಗೆ ವಾಲಿತ್ತು ಕಣೇ" ಎಂದರು. ಆದರೆ ಕಬ್ಬಿಣದ ಮೈಮೇಲೆ ಒಂದೆರಡು ಮೈಕ್ರಾನಿನ ಉಬ್ಬು ಇದ್ದರೆ ಮಾತ್ರ, ಇಗೋ ಇಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ.

ಮೈಕ್ರಾನು ಎಂದರೇನೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಾಗುವ ತನಕ ಭಾವ ಯಾರನ್ನೂ ಬಿಟ್ಟಿಲ್ಲ. ಒಂದು ಕೂದಲನ್ನು ಉದ್ದುದ್ದಕ್ಕೆ ಎಪ್ಪತ್ತು ಪದರವಾಗಿ ಸೀಳಿದರೆ ಅದರಲ್ಲಿ ಒಂದು ಪದರದ ದಪ್ಪ. ನನ್ನ ಪಕ್ಕದ ಅಂಗಡಿಯ ಕ್ಷೌರಿಕರಿಗೆ ಇದನ್ನು ವಿವರಿಸಿದಾಗ ಅವರು ಕತ್ತರಿ ಕೆಳಗಿಟ್ಟು, "ಸ್ವಾಮಿ, ನಾನು ಕೂದಲನ್ನ ಅಡ್ಡಡ್ಡ ಕತ್ತರಿಸಿ ಬದುಕೋನು. ಉದ್ದುದ್ದ ಸೀಳೋ ಕೆಲಸ ನೀವೇ ಇಟ್ಕೊಳ್ಳಿ" ಎಂದು ಕೈಮುಗಿದಿದ್ದರು.

ನಾನು ದರ್ಜಿ. ನನ್ನ ಕಸುಬಿನಲ್ಲಿ ಅರ್ಧ ಇಂಚು ಹೆಚ್ಚಾದರೆ ಒಳಗೆ ಮಡಿಸಿ ಹೊಲಿಯುತ್ತೇವೆ. ಕಡಿಮೆಯಾದರೆ ಗಿರಾಕಿ ದಪ್ಪಗಾಗಿದ್ದಾರೆ ಎನ್ನುತ್ತೇವೆ. ಇಂಥ ನಾನು ಹುಟ್ಟಿದ್ದು ಅಳತೆಯ ಹುಚ್ಚಿನ ಮನೆಯಲ್ಲಿ. ಭಾವ ಕೆಲಸ ಮಾಡುವ ಕಾರ್ಖಾನೆಯಲ್ಲೇ ನಮ್ಮ ಅಪ್ಪ ಮೇಸ್ತ್ರಿ. ಭಾವನದು ಅಳತೆ ಕೋಣೆ, ಅಪ್ಪನದು ಮೆಷಿನ್ನುಗಳ ಅಂಕಣ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಅಳೆದು ಪಾಸು ಮಾಡಬೇಕು. ಮದುವೆಯ ಮಾತುಕತೆಯ ದಿನ ಇದು ಬಹಳ ಅನುಕೂಲದ ಸಂಬಂಧ ಎಂದು ಎಲ್ಲರೂ ತಲೆಯಾಡಿಸಿದ್ದರು.

ಅಪ್ಪ ನಿವೃತ್ತರಾಗುವವರಿದ್ದರು. ಹೋಗುವ ಮುಂಚೆ ಅವರು ಒಂದು ಬೀಡು ಕಬ್ಬಿಣದ ಪ್ಲೇಟು ತಯಾರಿಸಿದ್ದರು. ಊಟದ ಮೇಜಿನಷ್ಟು ಅಗಲ, ನಾಲ್ಕಾಳು ಸೇರಿದರೂ ಅಲುಗದಷ್ಟು ಭಾರ. ಕಾರ್ಖಾನೆಯಲ್ಲಿ ತಯಾರಾಗುವ ಸಾಮಾನುಗಳನ್ನೆಲ್ಲ ಅದರ ಮೇಲಿಟ್ಟು ಸಪಾಟಾಗಿವೆಯೇ ಎಂದು ಪರೀಕ್ಷೆ ಮಾಡುವುದು. ಹಾಗಾಗಿ ಅದು ಎಲ್ಲಕ್ಕಿಂತ ಸಪಾಟಾಗಿರಬೇಕು. ಅಪ್ಪ ಮೊದಲು ಅದನ್ನು ಮೆಷಿನ್ನಿಗೆ ಹಾಕಿ ಹೆರೆದರು. ಆಮೇಲೆ ನೀಲಿ ಮಸಿ ಹಚ್ಚಿ, ಮೇಲೊಂದು ಸಪಾಟು ಪಟ್ಟಿ ಆಡಿಸಿ, ಮಸಿ ಎಲ್ಲಿ ಉಜ್ಜಿಹೋಗುತ್ತದೋ ಅಲ್ಲಿ ಉಬ್ಬಿದೆ ಎಂದು ತಿಳಿದು, ಆ ಜಾಗವನ್ನು ಕೈಯ ಸ್ಕ್ರೇಪರಿನಿಂದ ಕೆರೆದರು. ಮತ್ತೆ ಮಸಿ, ಮತ್ತೆ ಕೆರೆತ. ತಿಂಗಳುಗಟ್ಟಲೆ ಅವರ ಉಗುರು ನೀಲಿ, ಟವೆಲು ನೀಲಿ, ಕೊನೆಗೆ ಅಮ್ಮ ತೊಳೆಯುವ ನೀರೂ ನೀಲಿ. ಆ ಪ್ಲೇಟಿನ ಅಂಚಿನಲ್ಲಿ ಅಪ್ಪನ ಹೆಸರು ಕೊರೆಸಿ, ಬೀಳ್ಕೊಡುಗೆಯ ದಿನ ಅಳತೆ ಕೋಣೆಯ ನಡುವೆ ಸ್ಥಾಪಿಸುವುದಾಗಿ ಮ್ಯಾನೇಜರು ಮಾತು ಕೊಟ್ಟಿದ್ದರು. ಪಾಸಾದರೆ, ಎಂಬುದೊಂದು ಬಾಲ ಆ ಮಾತಿಗಿತ್ತು. ಅಪ್ಪನಿಗೆ ಅದು ಕೇಳಿಸಿಯೇ ಇರಲಿಲ್ಲ.

"ನಿಂತ ನೀರು ಸಹ ನನ್ನ ಪ್ಲೇಟನ್ನ ನೋಡಿ ನಾಚ್ಕೋಬೇಕು" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಹೊತ್ತಿಗೆ ಸರಿಯಾಗಿ ಅಳತೆ ಕೋಣೆಗೆ ಹೊಸ ಉಪಕರಣ ಬಂತು. ಭಾವ ಅದನ್ನು ಅಭ್ಯಾಸ ಮಾಡಿಕೊಳ್ಳುವ ನೆಪದಲ್ಲಿ ಮ್ಯಾನೇಜರ ಅಪ್ಪಣೆ ಪಡೆದು, ರಜೆಯ ದಿನ ಪೆಟ್ಟಿಗೆಸಮೇತ ನಮ್ಮ ಮನೆಗೇ ತಂದರು. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು: ಅಂದು ನಂಟರೆಲ್ಲ ಊಟಕ್ಕೆ ಬರುವವರಿದ್ದರು.

ಪೆಟ್ಟಿಗೆಯೊಳಗೆ ಒಂದು ಉದ್ದನೆಯ ತೆಳು ಹಳಿ, ಹಳಿಯ ಮೇಲೆ ಓಡುವ ಅಂಗೈಯಗಲದ ಗಾಡಿ, ಗಾಡಿಯ ಅಡಿಯಲ್ಲಿ ಬೆರಳಷ್ಟು ಗಾತ್ರದ ಸೆನ್ಸರು. ಹಳಿಯನ್ನು ಪ್ಲೇಟಿನ ಮೇಲೆ ಸೇತುವೆಯ ಹಾಗೆ ನಿಲ್ಲಿಸಿ ಗಾಡಿ ಓಡಿಸಿದರೆ, ಕೆಳಗಿನ ಮೈ ತನ್ನಿಂದ ಎಷ್ಟು ದೂರದಲ್ಲಿದೆ ಎಂದು ಸೆನ್ಸರು ಉದ್ದಕ್ಕೂ ಹೇಳುತ್ತಾ ಹೋಗುತ್ತದೆ. ದೂರ ಕಡಿಮೆಯಾದಲ್ಲಿ ಉಬ್ಬು, ಹೆಚ್ಚಾದಲ್ಲಿ ತಗ್ಗು. ಪರದೆಯ ಮೇಲೆ ಅದರ ಗೆರೆ ಮೂಡುತ್ತದೆ. ಭಾವ ಇಷ್ಟನ್ನೂ ಹೇಳಿ, ಅಮ್ಮನ ಊಟದ ಮೇಜನ್ನು ಅಳೆದು ತೋರಿಸಿದರು. ಪರದೆಯ ಮೇಲೆ ಬೆಟ್ಟಗುಡ್ಡಗಳು ಎದ್ದವು. ಅಮ್ಮನ ಮುಖ ಸಪ್ಪಗಾಯಿತು. ಆಮೇಲೆ ನನ್ನ ಇಸ್ತ್ರಿಪೆಟ್ಟಿಗೆಯ ತಳ ನೋಡಿದರು.

"ನೂರೈವತ್ತು ಮೈಕ್ರಾನು ತಗ್ಗು!" ಎಂದು ಭಾವ ಉದ್ಗರಿಸಿದರು. "ಇದ್ರಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು ಜನ ಹೇಗಪ್ಪಾ ತಲೆಯೆತ್ತಿ ಓಡಾಡ್ತಾರೆ?"

ಊಟದ ಹೊತ್ತಾಯಿತು. ಮೇಜು ಖಾಲಿ ಮಾಡಬೇಕಾದ್ದರಿಂದ ಭಾವ ಹಳಿಯನ್ನು ಎರಡು ಕುರ್ಚಿಗಳ ನಡುವೆ ಅಡ್ಡಲಾಗಿ ಮಲಗಿಸಿ, ಮೇಲೊಂದು ಟವೆಲು ಹೊದಿಸಿದರು. ಎಲ್ಲರಿಗಿಂತ ಮೊದಲು ಊಟ ಮುಗಿಸಿದವರು ನಮ್ಮ ದೊಡ್ಡಪ್ಪ. ದೊಡ್ಡಪ್ಪ ಊಟವಾದ ಮೇಲೆ ಕೂರುವ ರೀತಿಯೇ ಬೇರೆ. ಹಿಂದೆ ತಿರುಗಿ ನೋಡುವ ಪದ್ಧತಿ ಅವರಲ್ಲಿಲ್ಲ; ತಾವು ಕೂತ ಕಡೆ ಏನಾದರೊಂದು ಇದ್ದೇ ಇರುತ್ತದೆ ಎಂಬ ಭರವಸೆಯಿಂದ ಮೈ ಬಿಟ್ಟುಬಿಡುತ್ತಾರೆ. ಅಂದೂ ಹಾಗೆಯೇ ಬಿಟ್ಟರು.

"ಈ ಬೆಂಚು ತುಂಬಾ ಕಿರಿದಾಯ್ತು ಕಣಮ್ಮಾ" ಎಂದರು.

ಭಾವ ಕೂಗಿದ ಕೂಗಿಗೆ ಎದುರುಮನೆಯವರು ಕಿಟಕಿ ತೆರೆದರು. ಮೂವರು ಸೇರಿ ದೊಡ್ಡಪ್ಪನನ್ನು ಎಬ್ಬಿಸಿದೆವು. ಭಾವ ಹಳಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಗೆ ನೋಡಿ, "ಸದ್ಯ, ಏನೂ ಆಗಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ಮೈಕ್ರಾನು ಬರಿಗಣ್ಣಿಗೆ ಕಾಣುವಂಥದ್ದಲ್ಲ ಎಂದು ಬೀದಿಗೆಲ್ಲ ಪಾಠ ಹೇಳಿದ ಮಹನೀಯರು ತಮ್ಮ ಹಳಿಯನ್ನು ಮಾತ್ರ ಬರಿಗಣ್ಣಿಂದಲೇ ಪಾಸು ಮಾಡಿದರು.

ಮುಂದಿನ ವಾರ ಅಪ್ಪನ ಪ್ಲೇಟು ಅಳತೆ ಕೋಣೆಗೆ ಬಂತು. ಭಾವ ಹಳಿ ಇಟ್ಟರು, ಗಾಡಿ ಓಡಿಸಿದರು. ಗೆರೆ ಮೇಲೇರಿ, ನಡುವೆ ಉಬ್ಬಿ, ಕೆಳಗಿಳಿಯಿತು. ಇಪ್ಪತ್ತು ಮೈಕ್ರಾನು. ಪಾಸಾಗಲು ಐದರೊಳಗಿರಬೇಕು. ಉದ್ದಕ್ಕೆ ಇಟ್ಟರು, ಅಡ್ಡಕ್ಕೆ ಇಟ್ಟರು, ಮೂಲೆಯಿಂದ ಮೂಲೆಗೆ ಇಟ್ಟರು. ಎತ್ತ ಇಟ್ಟರೂ ಪ್ಲೇಟಿಗೆ ಅಷ್ಟೇ ಹೊಟ್ಟೆ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿ, ಮೊದಲು ಮಾವನ ಕಿವಿಯಲ್ಲಿ ಹೇಳುತ್ತಿದ್ದರು. ನಮ್ಮ ಭಾವನಿಗೆ ಅಂಥ ನಯನಾಜೂಕು ಹುಟ್ಟಿನಿಂದಲೇ ಇಲ್ಲ. ಸೀದಾ ಮ್ಯಾನೇಜರ ಕೋಣೆಗೆ ಹೋಗಿ, ಅಪ್ಪ ಅಲ್ಲೇ ಟೀ ಕುಡಿಯುತ್ತಾ ಕೂತಿದ್ದಾಗಲೇ, "ಸಾರ್, ಮಾವನ ಪ್ಲೇಟಿಗೆ ಹೊಟ್ಟೆ ಬಂದಿದೆ" ಎಂದರು.

ಅಪ್ಪನ ಕೈಯ ಲೋಟ ಅಲ್ಲೇ ನಿಂತಿತು.

"ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ" ಎಂದರು ಮ್ಯಾನೇಜರು. "ಇನ್ನೊಂದ್ಸಲ ಮೆಷಿನ್‌ಗೆ ಹಾಕಿ ಮೇಲಿನ ಪದರ ತೆಗೆಸಿಬಿಡೋಣ. ನೀವು ಹೋದ ಮೇಲೆ ಬೇರೆ ಯಾರಾದ್ರೂ ಕೆರೀತಾರೆ."

ಬೇರೆ ಯಾರಾದ್ರೂ! ತಿಂಗಳುಗಟ್ಟಲೆ ಮಂಡಿಯೂರಿ ಮಾಡಿದ ಕೆಲಸವೆಲ್ಲ ಒಂದು ಮಧ್ಯಾಹ್ನದಲ್ಲಿ ಸಿಪ್ಪೆಯಾಗಿ ಉದುರಿಹೋಗುವುದು, ಅಂಚಿನಲ್ಲಿ ಇನ್ಯಾರದೋ ಹೆಸರು ಬರುವುದು. ಅಪ್ಪ ಸೀದಾ ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಭಾವನ ಮನೆಯಲ್ಲಿ ನಡೆದದ್ದನ್ನು ಅಕ್ಕನ ಬಾಯಿಂದಲೇ ಕೇಳಿದೆ. "ರೀ, ಬರೀ ಇಪ್ಪತ್ತು ಮೈಕ್ರಾನಲ್ವಾ? ಅಷ್ಟು ಬಿಟ್ಟುಬಿಡೋಕಾಗಲ್ವಾ? ಮಳೆಗಾಲದಲ್ಲಿ ನೀವು ಎಷ್ಟು ಛತ್ರಿ ಬಿಟ್ಟು ಬರ್ತೀರ!" ಎಂದು ಅವಳು ಕೇಳಿದಳಂತೆ.

"ಛತ್ರಿ ನನ್ನದು ಕಣೇ. ಮೈಕ್ರಾನು ಕಾರ್ಖಾನೇದು" ಎಂದರಂತೆ ಭಾವ.

ಅಕ್ಕ ಬ್ಯಾಗು ತುಂಬಿಕೊಂಡು ತವರಿಗೆ ಹೊರಟಳು. ತವರು ಹಿಂದಿನ ಬೀದಿಯಲ್ಲೇ ಇದ್ದದ್ದರಿಂದ ಬಸ್ಸಿನ ತಾಪತ್ರಯವಿರಲಿಲ್ಲ. ಭಾವ ಬಾಗಿಲವರೆಗೂ ಬ್ಯಾಗು ಹೊತ್ತುಕೊಂಡು ಬಂದು ಬಿಟ್ಟುಹೋದರು. ಅವಳು ಮುನಿಸಿಕೊಂಡು ಬಂದದ್ದೆಂದು ಅವರಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ ಟೀ ಬರದಿದ್ದಾಗಲೇ.

ಸುದ್ದಿ ನನ್ನ ಅಂಗಡಿಗೆ ಬರುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು. ಬೆಳಿಗ್ಗೆ ಇಪ್ಪತ್ತು ಮೈಕ್ರಾನಿದ್ದದ್ದು ಮಧ್ಯಾಹ್ನಕ್ಕೆ ಬೆರಳ ದಪ್ಪವಾಗಿ, ಸಂಜೆಗೆ ಆ ಉಬ್ಬಿನ ಮೇಲೆ ಕಾಲಿಟ್ಟು ಒಬ್ಬರು ಜಾರಿಬಿದ್ದರೆಂದಾಯಿತು. ಗಿರಣಿಯವರು ಬಂದು, "ನಮ್ಮ ಗಿರಣಿ ಕೆಳಗಿರೋ ಪ್ಲೇಟೂ ನಿಮ್ಮ ತಂದೆಯವರು ಮಾಡಿದ್ದೇ. ಹಿಟ್ಟು ಯಾಕೆ ತರಿತರಿ ಬರತ್ತೆ ಅಂತ ಇವತ್ತು ಗೊತ್ತಾಯ್ತು" ಎಂದರು. ಕ್ಷೌರಿಕರು ನನ್ನ ಹೆಗಲ ಮೇಲೆ ಕೈಯಿಟ್ಟು, "ಎಷ್ಟು ಕೂದಲಿನಷ್ಟಂತೆ?" ಎಂದು ಮರುಕದಿಂದ ವಿಚಾರಿಸಿದರು.

ಎಲ್ಲರಿಗಿಂತ ಹೆಚ್ಚು ಹಾರಾಡಿದವರು ದೊಡ್ಡಪ್ಪ. ಅವರು ನಮ್ಮ ಜಗುಲಿಯ ಮೇಲೆ ನಿಂತು, ಅಂಗಿಯ ಗುಂಡಿಗಳು ಕಿತ್ತುಬರುವ ಹಾಗೆ ಉಸಿರೆಳೆದುಕೊಂಡು, "ನನ್ನ ತಮ್ಮನ ಕೆಲಸದಲ್ಲಿ ಹೊಟ್ಟೆಯಂತೆ! ಆ ಮನುಷ್ಯನ ಉಪಕರಣದ ಮೇಲೆ ಯಾರೋ ಏನೋ ಮಾಡಿರಬೇಕು!" ಎಂದು ಗುಡುಗಿದರು. ಅವರ ಬಾಯಿಂದ ಅಷ್ಟು ನಿಖರವಾದ ಮಾತು ಬಂದದ್ದು ಅದೇ ಮೊದಲು. ಯಾರೂ, ಅವರೂ ಸೇರಿ, ಗಮನಿಸಲಿಲ್ಲ.

ಅಪ್ಪ ಭಾವನ ಜೊತೆ ನೇರವಾಗಿ ಮಾತಾಡುವುದನ್ನೇ ಬಿಟ್ಟರು. ಎದುರಿಗೇ ಕೂತಿದ್ದರೂ ನನ್ನ ಕಡೆ ತಿರುಗಿ, "ಅಳಿಯಂದ್ರಿಗೆ ಹೇಳು, ಅವರ ಕಾಲ ಹತ್ರ ಇರೋ ನನ್ನ ಪೇಪರು ಕೊಡಬೇಕಂತೆ ಅಂತ" ಎನ್ನುತ್ತಿದ್ದರು. ಭಾವ ಪೇಪರನ್ನು ನನಗೆ ಕೊಡುತ್ತಿದ್ದರು, ನಾನು ಅಪ್ಪನಿಗೆ. ಅಂಚೆ ಇಲಾಖೆಯವರಿಗೂ ಇಷ್ಟು ದುಡಿಮೆ ಇರಲಾರದು.

ಬೀಳ್ಕೊಡುಗೆಯ ದಿನ ಬಂತು. ಅದೇ ಮಧ್ಯಾಹ್ನ ಪ್ಲೇಟನ್ನು ಮೆಷಿನ್ನಿಗೆ ಏರಿಸುವುದೆಂದೂ ತೀರ್ಮಾನವಾಗಿತ್ತು. ಅಪ್ಪನ ಹೊಸ ಅಂಗಿಯನ್ನು ಹೊಲಿದು ಬೆಳಿಗ್ಗೆಯೇ ಮನೆಗೆ ಕಳಿಸಿ, ನಾನು ಇನ್ನೊಬ್ಬರ ಬಟ್ಟೆ ಹರಡಿಕೊಂಡು ಗೀಟು ಹಾಕುತ್ತಿದ್ದೆ. ಭಾವ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದರು. ಗಡ್ಡ ಬೆಳೆದಿತ್ತು, ಅಂಗಿ ತಿರುವುಮುರುವಾಗಿತ್ತು.

"ಎಲ್ರೂ ನನ್ನನ್ನ ಬೈತಾರೆ. ನಾನೇನು ಸುಳ್ಳು ಹೇಳಿದ್ನೇನಯ್ಯಾ?" ಎಂದರು.

"ಸುಳ್ಳಲ್ಲ ಭಾವ. ಆದ್ರೆ ಅಪ್ಪನ ಮುಖ ನೋಡೋಕಾಗ್ತಿಲ್ಲ."

ಅವರಿಗೂ ಆಗುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು ನನ್ನ ಮರದ ಸ್ಕೇಲಿನ ಮೇಲೆ ಸಿಟ್ಟು ತೀರಿಸಿಕೊಳ್ಳಲು ಹೊರಟರು.

"ಏನಿದು? ಈ ಸ್ಕೇಲು ನೆಟ್ಟಗಿದೆಯಾ?"

"ನಮ್ಮ ಗುರುಗಳು ಕೊಟ್ಟಿದ್ದು ಭಾವ."

"ಗುರುಗಳು ಕೊಟ್ರೆ ನೆಟ್ಟಗಾಗಿಬಿಡತ್ತಾ? ತಾ ಇಲ್ಲಿ!" ಸೀಮೆಸುಣ್ಣ ಕಿತ್ತುಕೊಂಡು ಗಿರಾಕಿಯ ಬಟ್ಟೆಯ ಮೇಲೇ ಒಂದು ಗೀಟೆಳೆದರು. ಆಮೇಲೆ ಸ್ಕೇಲನ್ನು ಮಗುಚಿ, ಅದೇ ತುದಿಗಳ ನಡುವೆ ಅದೇ ಅಂಚಿನಿಂದ ಇನ್ನೊಂದು ಗೀಟೆಳೆದರು. ಎರಡು ಗೀಟುಗಳ ನಡುವೆ ಬೆಂಡೆಕಾಯಿಯಂಥ ಸಂದು ಬಿತ್ತು. "ನೋಡು! ನಿನ್ನ ಸ್ಕೇಲೇ ಸೊಟ್ಟ. ಮಗುಚಿದ್ರೆ ಅದರ ಸೊಟ್ಟು ಈಚೆಯಿಂದ ಆಚೆಗೆ ಹೋಗತ್ತೆ, ಗುಟ್ಟು ಬಯಲಾಗತ್ತೆ. ಇಷ್ಟೂ ಗೊತ್ತಿಲ್ವಾ? ತನ್ನ ಕೈಲಿರೋ ಸ್ಕೇಲನ್ನ ಒಂದ್ಸಲ ಮಗುಚಿ ನೋಡದೆ ಇನ್ನೊಬ್ಬರ ಕೆಲಸ ಸೊಟ್ಟ ಅನ್ನೋನು ಎಂಥ ಬೆಪ್ಪು..."

ಅಲ್ಲಿಗೆ ಮಾತು ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಗರ ಬಡಿದವರಂತೆ ಆ ಎರಡು ಗೀಟುಗಳನ್ನೇ ನೋಡಿದರು. ಆಮೇಲೆ ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಅಂಗಡಿಯಿಂದ ಓಡಿದರು. ನಾನೂ ಟೇಪು ಕೊರಳಲ್ಲಿ ಹಾಕಿಕೊಂಡೇ ಹಿಂದೆ ಓಡಿದೆ.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರರು ತಡೆದರು. "ಕಾರ್ಡು ತೋರಿಸಿ ಸಾರ್."

"ದಿನಾ ನೋಡೋ ಮುಖ ಅಲ್ವೇನಯ್ಯಾ ನಂದು!"

"ಮುಖದ ಮೇಲೆ ನಂಬರಿಲ್ವಲ್ಲ ಸಾರ್."

ಕಾರ್ಡು ಭಾವನ ಬೆನ್ನ ಮೇಲೆ ನೇತಾಡುತ್ತಿತ್ತು. ನಾನು ಅವರನ್ನೇ ಹಿಡಿದು ತಿರುಗಿಸಿ ಕಾವಲುಗಾರರಿಗೆ ತೋರಿಸಿದೆ. ನನ್ನನ್ನು ಬೀಳ್ಕೊಡುಗೆಗೆ ಬಂದ ನಂಟನೆಂದು ಬಿಟ್ಟರು.

ಒಳಗೆ ನಂಟರೆಲ್ಲ ಆಗಲೇ ಸಾಲಾಗಿ ಕುರ್ಚಿಯಲ್ಲಿದ್ದರು. ಭಾಷಣಕ್ಕೆ ಬಂದಿದ್ದ ಕಂಪನಿಯ ದೊಡ್ಡ ಸಾಹೇಬರು ಚೀಟಿ ನೋಡಿಕೊಂಡು ತುಟಿ ಆಡಿಸುತ್ತಿದ್ದರು. ಆಚೆ ಅಂಕಣದಲ್ಲಿ ಪ್ಲೇಟು ಕ್ರೇನಿಗೆ ತೂಗುಬಿದ್ದಿತ್ತು; ಅಪ್ಪ ಹೊಸ ಅಂಗಿಯಲ್ಲಿ ಕಂಬಕ್ಕೊರಗಿ ಅದನ್ನು ನೋಡುತ್ತಾ ನಿಂತಿದ್ದರು.

"ಇಳಿಸಿ! ಇಳಿಸಿ!" ಎಂದು ಭಾವ ಅರಚಿದರು.

"ಏನ್ರೀ ಇದು? ಸಾಹೇಬ್ರು ಕಾಯ್ತಿದಾರೆ!" ಎಂದು ಮ್ಯಾನೇಜರು ಗದರಿದರು.

"ಸಾಹೇಬ್ರನ್ನ ಆಮೇಲೆ ನೋಡೋಣ ಸಾರ್. ಮೊದಲು ಹಳಿ ಮಗುಚಬೇಕು!"

ಮ್ಯಾನೇಜರ ಎದುರು ಹಾಗೆ ದನಿಯೆತ್ತುವವರಲ್ಲ ನಮ್ಮ ಭಾವ. ಅದಕ್ಕೇ ಇರಬೇಕು, ಮ್ಯಾನೇಜರು ಕ್ರೇನಿನವರಿಗೆ ಕೈಸನ್ನೆ ಮಾಡಿದರು. ಪ್ಲೇಟು ಕೆಳಗಿಳಿಯಿತು. ಭಾವ ಅಳತೆ ಕೋಣೆಯಿಂದ ಪೆಟ್ಟಿಗೆ ತಂದು, ಮೊದಲಿನಂತೆಯೇ ಹಳಿಯಿಟ್ಟು ಗಾಡಿ ಓಡಿಸಿದರು: ನಡುವೆ ಅದೇ ಹೊಟ್ಟೆ. ಹಳಿಯನ್ನು ಎತ್ತಿ, ಮೇಲಿನ ಮೈ ಕೆಳಗಾಗುವಂತೆ ಮಗುಚಿ ಇಟ್ಟು, ಗಾಡಿಯನ್ನು ಮತ್ತೆ ಮೇಲೆ ಕೂರಿಸಿ ಓಡಿಸಿದರು. ಈ ಸಲ ಅದೇ ಜಾಗದಲ್ಲಿ ಅಷ್ಟೇ ತಗ್ಗು.

"ಒಂದೇ ಪ್ಲೇಟು ಒಂದೇ ಗಳಿಗೇಲಿ ಉಬ್ಬೋದು, ತಗ್ಗೋದು, ಎರಡೂ ಹೇಗ್ರೀ ಆಗತ್ತೆ?" ಎಂದರು ಮ್ಯಾನೇಜರು.

"ಆಗಲ್ಲ ಸಾರ್. ಬಗ್ಗಿರೋದು ನನ್ನ ಹಳಿ. ಎತ್ತ ಇಟ್ರೂ ಅಷ್ಟೇ ಹೊಟ್ಟೆ ಬಂದಾಗ್ಲೇ ನನಗೆ ಹೊಳೀಬೇಕಿತ್ತು. ತಪ್ಪು ನಂದು. ಮಾವನ ಪ್ಲೇಟಿಗೆ ಹೊಟ್ಟೆ ಇಲ್ಲ."

"ಹಳಿ ಹೇಗೆ ಬಗ್ಗಿತು?"

ನಮ್ಮ ಮನೆಯವರ ಕತ್ತುಗಳೆಲ್ಲ ಒಟ್ಟಿಗೆ ತಿರುಗಿದವು. ದೊಡ್ಡಪ್ಪ ಛಾವಣಿಯ ತಗಡನ್ನು ಬಹಳ ಶ್ರದ್ಧೆಯಿಂದ ನೋಡುತ್ತಾ, "ನಾನು ಆವತ್ತು ಪೂರ್ತಿ ಭಾರ ಬಿಟ್ಟಿರ್ಲಿಲ್ಲ" ಎಂದರು.

ನಕ್ಕವರು ನಕ್ಕರು. ಅಪ್ಪನ ಮುಖ ಅರಳಿದ್ದನ್ನು ನೋಡಿ ನನಗೆ ಕುಣಿಯಬೇಕೆನಿಸಿತು. ಅಕ್ಕ ಸೆರಗಿನಿಂದ ಭಾವನ ಹಣೆಯ ಬೆವರು ಒರೆಸಿ, "ಅಂಗಿ ಉಲ್ಟಾ ಹಾಕ್ಕೊಂಡಿದೀರಿ" ಎಂದಳು. ಅಂದರೆ ಬ್ಯಾಗು ವಾಪಸ್ಸು ಹೊರಟಿತೆಂದೇ ಅರ್ಥ. ಮ್ಯಾನೇಜರು ಹೆಸರು ಕೊರೆಯುವವರನ್ನು ಕೂಗಿದರು. ದೊಡ್ಡ ಸಾಹೇಬರು ಚೀಟಿ ಬಿಡಿಸಿದರು. ಎಲ್ಲವೂ ಸುಖವಾಗಿ ಮುಗಿಯಬಹುದಿತ್ತು.

"ಒಂದು ಮಾತು ಮಾವ" ಎಂದರು ಭಾವ, ಪರದೆಯಿಂದ ಕಣ್ಣು ತೆಗೆಯದೆ.

ಅಕ್ಕ ಅವರ ತೋಳು ಜಿಗುಟಿದಳು. ನಾನು ಹಿಂದಿನಿಂದ ಅಂಗಿ ಎಳೆದೆ. ಉಪಯೋಗವಾಗಲಿಲ್ಲ.

"ಹಳಿಯ ಸೊಟ್ಟನ್ನ ಲೆಕ್ಕದಿಂದ ತೆಗೆದುಹಾಕಿದ ಮೇಲೆ, ಕಿಟಕಿ ಕಡೆ ಮೂಲೇಲಿ ಎರಡು ಮೈಕ್ರಾನು ಉಳಿಯತ್ತೆ. ಉಬ್ಬು."

ಆ ಕ್ಷಣದಲ್ಲಿ ಭಾವನ ಕತ್ತು ಹಿಸುಕಲು ಸಿದ್ಧರಿದ್ದವರ ಸಾಲು ಗೇಟಿನವರೆಗೂ ಬೆಳೆಯುತ್ತಿತ್ತು. "ಎರಡು ತಾನೇ? ಐದರವರೆಗೂ ಪಾಸು. ಬಿಟ್ಟುಬಿಡ್ರೀ ಅತ್ಲಾಗೆ" ಎಂದು ಮ್ಯಾನೇಜರು ಕೈಯಾಡಿಸಿದರು.

ಅಪ್ಪ ಪ್ಲೇಟಿನ ಹತ್ತಿರ ಬಂದರು. ಎಷ್ಟೋ ದಿನಗಳ ಮೇಲೆ ಮೊದಲ ಸಲ ಭಾವನ ಮುಖ ನೋಡಿ, ನನ್ನ ನೆರವಿಲ್ಲದೆ, ನೇರವಾಗಿ ಕೇಳಿದರು.

"ಯಾವ ಮೂಲೆ ಅಂದ್ರಿ?"

ಭಾವ ಬೆರಳಿಟ್ಟು ತೋರಿಸಿದರು. ಅಪ್ಪ ಆ ಜಾಗದ ಮೇಲೆ ಅಂಗೈ ಸವರಿದರು. ಆಮೇಲೆ, ನಾನು ಎಷ್ಟೊಂದು ಮುತುವರ್ಜಿಯಿಂದ ಹೊಲಿದಿದ್ದ ತೋಳುಗಳನ್ನು ಮೊಣಕೈಯವರೆಗೆ ಮಡಿಸಿ, ಮ್ಯಾನೇಜರ ಕಡೆ ತಿರುಗಿದರು.

"ಬಿಟ್ಟುಬಿಡೋದು ಅಂದ್ರೇನು ಸಾರ್? ಇದೆ ಅಂತ ಅಳೆದು ಹೇಳಿದಾರಲ್ಲ! ನನ್ನ ಸ್ಕ್ರೇಪರು ತರಿಸಿ. ಇದು ಹೋಗೋವರೆಗೂ ನಾನು ನಿವೃತ್ತಿ ಆಗಲ್ಲ."

ಕುರ್ಚಿಯಲ್ಲಿದ್ದವರೆಲ್ಲ ಎದ್ದು ಪ್ಲೇಟಿನ ಸುತ್ತ ನಿಂತರು. ಭಾಷಣ ಚೀಟಿಯಲ್ಲೇ ಉಳಿಯಿತು. ಸಾಹೇಬರು ದೀಪ ಹಿಡಿದುಕೊಂಡರು. ಅಪ್ಪ ಕೆರೆದರು. ಭಾವ ಹಳಿಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ಮಗುಚಿ ಇಟ್ಟು ಅಳೆದು, "ಇನ್ನು ಸ್ವಲ್ಪ ಮಾವ, ಅಂಚಿನ ಕಡೆ" ಎಂದರು. ಅಪ್ಪ ಮತ್ತೆ ಕೆರೆದರು. "ಹಗುರ, ಹಗುರ" ಎಂದರು ಭಾವ. ಹೊಸ ಅಂಗಿಯ ಎದೆಯ ಮೇಲೆಲ್ಲ ನೀಲಿ ಮಸಿಯಾಯಿತು. ಬೇರೆ ದಿನವಾಗಿದ್ದರೆ ನನಗೆ ಕಣ್ಣೀರು ಬರುತ್ತಿತ್ತು. ಅಂದು ಅಂಥ ಅಂಗಿ ಊರಿನಲ್ಲಿ ಇನ್ಯಾರ ಮೈಮೇಲೂ ಇಲ್ಲ ಎಂದುಕೊಂಡೆ. ಒಬ್ಬರು ಮಂಡಿಯೂರಿ, ಇನ್ನೊಬ್ಬರು ಬಗ್ಗಿ, ತಲೆಗೆ ತಲೆ ತಾಗಿಸಿಕೊಂಡು ಕೂದಲಿಗಿಂತ ತೆಳ್ಳಗಿನದೊಂದನ್ನು ಬೇಟೆಯಾಡುತ್ತಿದ್ದ ಆ ಇಬ್ಬರೂ ನನ್ನವರು. ನನ್ನ ಎದೆ ಉಬ್ಬಿಹೋಯಿತು, ಅದನ್ನು ಅಳೆಯಲು ಯಾವ ಸೆನ್ಸರೂ ಬೇಕಿರಲಿಲ್ಲ.

ಕೊನೆಗೆ ಭಾವ ಪರದೆಯನ್ನು ಬಹಳ ಹೊತ್ತು ನೋಡಿದರು. "ಇನ್ನು ನನಗೇನೂ ಕಾಣಿಸ್ತಿಲ್ಲ ಮಾವ" ಎಂದರು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡು, "ಮೇಸ್ತ್ರಿ, ನಿಮಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀನಿ. ಬೇಕಿದ್ರೆ ಹೊರಗಿನವರನ್ನ ಕರೆಸಿ ಇನ್ನೊಂದ್ಸಲ ನೋಡಿಸೋಣ" ಎಂದರು.

ಅಪ್ಪ ಸೊಂಟ ಹಿಡಿದುಕೊಂಡು ಎದ್ದು ನಿಂತರು. ನೀಲಿ ಕೈಯನ್ನು ಭಾವನ ಹೆಗಲ ಮೇಲಿಟ್ಟರು.

"ಯಾಕೆ ಸಾರ್? ನನ್ನ ಅಳಿಯನಿಗೆ ಕಾಣದ್ದು ಇನ್ಯಾರಿಗೂ ಕಾಣಲ್ಲ."